ಏಳು ಇಪ್ಪತ್ತೈದರ ಚಹಾ

ಸೆಪ್ಟೆಂಬರ್ 3, ಭಾನುವಾರ

ಬಂದು ಸೇರಿದೆ. ನಮ್ಮ ದೇಶದ ಕುತೈಸಿಯಿಂದ ವಿಮಾನ, ಆಮೇಲೆ ಈ ದೇಶದಲ್ಲಿ ಮೂರು ರೈಲು. ಲೇರ್ ಸ್ಟೇಷನ್ನಿನಲ್ಲಿ ಇಳಿದಾಗ ಫೋನಿನಲ್ಲಿ ಅಮ್ಮನ ಹದಿನಾಲ್ಕು ಕರೆ. ಹದಿನೈದನೆಯದನ್ನು ಪ್ಲಾಟ್‌ಫಾರ್ಮಿನಲ್ಲೇ ಎತ್ತಿದೆ.

"ಯಾಕೆ ಎತ್ಲಿಲ್ಲ ತೆಕ್ಲೆ? ಸತ್ತೇ ಹೋದ್ಯೇನೋ ಅಂದ್ಕೊಂಡೆ!"

"ಸತ್ತಿದ್ರೆ ಹೇಳಿ ಕಳಿಸ್ತಿದ್ದೆ ಬಿಡಮ್ಮ," ಎಂದೆ. ನಾವು ಗುರಿಯಾ ಸೀಮೆಯವರು, ಮಾತು ಬಾಯಿಂದ ಬಿದ್ದ ಮೇಲೆ ಯೋಚನೆ ಮಾಡುವವರು. ಆ ಕಡೆ ಅವಳು ಅತ್ತಳು, ಈ ಕಡೆ ನಾನೂ ಅತ್ತೆ. ಪಕ್ಕದಲ್ಲಿ ನಿಂತಿದ್ದ ಮುದುಕ ತನ್ನ ಸೈಕಲ್ಲನ್ನು ಎರಡು ಹೆಜ್ಜೆ ಆಚೆ ತಳ್ಳಿಕೊಂಡ.

ವೀಬ್ಕೆಯವರು ಕರೆದುಕೊಂಡು ಹೋಗಲು ಬಂದಿದ್ದರು. ಕೈ ಕುಲುಕಿದರು, ಅಪ್ಪಿಕೊಳ್ಳಲಿಲ್ಲ. "ನೀವು-ಗೀವು ಬೇಡ, ವೀಬ್ಕೆ ಅನ್ನು ಸಾಕು," ಎಂದರು. ನನಗಿಂತ ಹದಿನೈದು ವರ್ಷ ದೊಡ್ಡವರನ್ನು ಹಾಗೆ ಕರೆಯಲು ನನ್ನ ನಾಲಗೆ ಏಳುವುದಿಲ್ಲ. ಅವರಿಗೆ ಔಷಧದ ಅಂಗಡಿಯಲ್ಲಿ ಕೆಲಸ. ಗಂಡ ಹಾರ್ಮ್ ಹಡಗಿನ ಎಂಜಿನಿಯರ್, ಈಗ ರಜೆಯಲ್ಲಿದ್ದಾರೆ. ಮಗಳು ಓಕ್ಕಾಗೆ ಆರು ವರ್ಷ, ಒಂದನೇ ತರಗತಿ ಸೇರಿ ಎರಡು ವಾರ. ಮಗ ಎನ್ನೊಗೆ ಎರಡು. ಒಂದು ವರ್ಷ ನಾನು ಈ ಮನೆಯವಳಂತೆ ಇದ್ದು ಮಕ್ಕಳನ್ನು ನೋಡಿಕೊಳ್ಳಬೇಕು, ಇಲ್ಲಿಯ ಭಾಷೆ ಕಲಿಯಬೇಕು. ವರ್ಷ ಪೂರೈಸಿದರೆ ಇಲ್ಲೇ ನರ್ಸಿಂಗ್ ಓದಲು ದಾರಿ. ಪೂರೈಸದಿದ್ದರೆ ನಮ್ಮೂರು ಓಜುರ್ಗೇತಿಯ ಬಸ್ಸು, ಮತ್ತೆ ಅಮ್ಮನ ಮುಷ್ಟಿ. "ಇವಳು ಅಲ್ಲಿ ಮೂರು ತಿಂಗಳು ಇದ್ಬಿಟ್ರೆ ನನ್ ಹೆಸರು ಬದಲಾಯಿಸ್ಕೋತೀನಿ" ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಸಂಜೆ ಊಟಕ್ಕೆ ತಣ್ಣನೆ ಬ್ರೆಡ್ಡು, ತಣ್ಣನೆ ಚೀಸು, ಸೌತೆಕಾಯಿ ಹೋಳು. ಒಲೆಯನ್ನು ಯಾರೂ ಮುಟ್ಟಲಿಲ್ಲ. ಮನೆಯಲ್ಲಿ ಯಾರಿಗೋ ಹುಷಾರಿಲ್ಲವೇನೋ ಎಂದುಕೊಂಡೆ. ಇಲ್ಲ, ದಿನಾ ಇದೇ ಅಂತೆ.

ಸೆಪ್ಟೆಂಬರ್ 4, ಸೋಮವಾರ

ಎನ್ನೊ ಮಧ್ಯಾಹ್ನದ ನಿದ್ದೆಯಲ್ಲಿದ್ದಾನೆ. ಬರೆದು ಮುಗಿಸದಿದ್ದರೆ ನನ್ನ ತಲೆ ಸಿಡಿಯುತ್ತದೆ.

ಬೆಳಿಗ್ಗೆ ಏಳು ಇಪ್ಪತ್ತೈದಕ್ಕೆ ಓಕ್ಕಾ ಬೆನ್ನಿಗೆ ಚೀಲ ಏರಿಸಿದಳು. ಹಿಂದಿನಿಂದ ನೋಡಿದರೆ ಚೀಲಕ್ಕೇ ಎರಡು ಕಾಲು ಬಂದ ಹಾಗಿತ್ತು. ನಾನು ಶೂ ಹುಡುಕತೊಡಗಿದೆ.

"ನೀನೆಲ್ಲಿಗೆ?" ವೀಬ್ಕೆಯವರು ಕೇಳಿದರು.

"ಸ್ಕೂಲಿಗೆ ಬಿಟ್ಟು ಬರ್ತೀನಿ."

"ಬೇಡ, ಅವಳೇ ಹೋಗ್ತಾಳೆ."

"ಯಾರ ಜೊತೆ?"

"ಯಾರ ಜೊತೆಗೂ ಇಲ್ಲ. ಆರು ವರ್ಷ ಆಯ್ತಲ್ಲ ಅವಳಿಗೆ."

ಆರು ವರ್ಷ ಆಯ್ತಂತೆ! ನನಗೆ ಹದಿನೈದು ತುಂಬುವವರೆಗೆ ಅಮ್ಮ ಶಾಲೆಯ ಗೇಟಿನವರೆಗೆ ಬಂದಿದ್ದಾಳೆ. ಕುತೈಸಿಯಲ್ಲಿ ಕಾಲೇಜು ಸೇರಿದಾಗ ಮೊದಲ ವಾರ ಪೂರ್ತಿ ನಾನು ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಕೇಳಿದರೆ "ನಂಗೂ ಪೇಟೇಲಿ ಕೆಲಸ ಇರ್ಬಾರ್ದಾ?" ಎಂದಿದ್ದಳು. ಇಲ್ಲಿ ನೋಡಿದರೆ ಒಂದು ಸಿಗ್ನಲ್ಲು, ಒಂದು ಕಾಲುವೆ, ಕಾಲುವೆಗೊಂದು ಸೇತುವೆ, ಒಟ್ಟು ಹದಿನೈದು ನಿಮಿಷದ ದಾರಿ. ಶಾಲೆಯ ಮುಂದೆ ಹಳದಿ ಗೆರೆ ಎಳೆದು "ಅಪ್ಪ ಅಮ್ಮಂದಿರು ಇಲ್ಲಿಯವರೆಗೆ ಮಾತ್ರ" ಎಂದು ಬೇರೆ ಬರೆದಿದ್ದಾರಂತೆ.

ಮಗಳು ಬೀದಿಗಿಳಿದಳು. ತಾಯಿ ಏನು ಮಾಡಿದರು? ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಯ ಕಿಟಕಿಯ ಹತ್ತಿರ ಆರಾಮಾಗಿ ನಿಂತರು. ಏಳು ಐವತ್ತಕ್ಕೆ ಕಾಲುವೆಯಾಚೆ ಶಾಲೆಯ ಗಂಟೆ ಬಾರಿಸಿತು. ಕಪ್ಪನ್ನು ಒಂದೇ ಗುಟುಕಿಗೆ ಮುಗಿಸಿ, ಸೈಕಲ್ ಹತ್ತಿ ಕೆಲಸಕ್ಕೆ ಹೊರಟರು. ಇವರದು ಹೃದಯವೋ ಕಲ್ಲೋ? ನಾನು ಇಡೀ ಬೆಳಿಗ್ಗೆ ಕಾಲುವೆಯನ್ನೇ ನೆನೆಸಿಕೊಂಡು ಎನ್ನೊನ ಷರಟನ್ನು ಎರಡು ಸಲ ತಿರುವುಮುರುವಾಗಿ ತೊಡಿಸಿದೆ.

ಸೆಪ್ಟೆಂಬರ್ 6, ಬುಧವಾರ

ನಿನ್ನೆ ತಡೆದುಕೊಂಡೆ. ಇವತ್ತು ಆಗಲಿಲ್ಲ.

"ಎನ್ನೊನ್ನ ಗಾಳಿಗೆ ಕರ್ಕೊಂಡು ಹೋಗಿ ಬರ್ತೀನಿ" ಎಂದು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೊರಟೆ. ವೀಬ್ಕೆಯವರು ಖುಷಿಪಟ್ಟರು. ಓಕ್ಕಾ ಐವತ್ತು ಹೆಜ್ಜೆ ಮುಂದೆ, ನಾನು ಹಿಂದೆ. ಅವಳು ನಿಂತರೆ ನಾನೂ ಬೇಲಿಯ ಮರೆಗೆ. ಗಾಡಿಯ ಒಂದು ಚಕ್ರ ಕೀ ಕೀ ಎನ್ನುತ್ತದೆ, ಹಾಳಾದ್ದು. ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂದ ಮೇಲೂ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ನೋಡಿ ದಾಟಿದಳು, ಜಾಣೆ. ಅವಳು ಹಳದಿ ಗೆರೆ ದಾಟಿದ ಮೇಲೆ ನನಗೆ ಉಸಿರು ಬಂತು.

ಅಮ್ಮನಿಗೆ ಹೇಳಿದೆ. "ಹಂಗ್ಮಾಡು ನನ್ನಮ್ಮಾ, ಬಿಡಬೇಡ," ಎಂದಳು. ಅವಳು ನನ್ನನ್ನು ಹೊಗಳಿದ್ದು ಈ ವರ್ಷದಲ್ಲಿ ಇದೇ ಮೊದಲು.

ಸೆಪ್ಟೆಂಬರ್ 10, ಭಾನುವಾರ

ಹೊಟ್ಟೆಯೊಳಗೆ ಇನ್ನೂ ಕಡಲು ಮೊರೆಯುತ್ತಿದೆ.

ವೀಬ್ಕೆಯವರ ತಾಯಿಯ ಮನೆಗೆ ಚಹಾಕ್ಕೆ ಹೋಗಿದ್ದೆವು. ಎಲ್ಲರೂ ಓಮಾ ಎನ್ನುತ್ತಾರೆ, ಅಂದರೆ ಅಜ್ಜಿ. ನನಗೂ ಹಾಗೇ ಕರೆಯಲು ಹೇಳಿದರು. ಪುಟ್ಟ ಕಪ್ಪು, ತಳದಲ್ಲಿ ಕಲ್ಲುಸಕ್ಕರೆ. ಮೇಲೆ ಬಿಸಿ ಚಹಾ ಬಿದ್ದಾಗ ಸಕ್ಕರೆ ಚಿಟಚಿಟ ಅಂತು. ಅಂಚಿನಿಂದ ಒಂದು ಚಮಚ ಕೆನೆ ಇಳಿಬಿಟ್ಟರು. ಕಲಕಬಾರದಂತೆ. ಮೊದಲು ಕೆನೆ, ಆಮೇಲೆ ಕಹಿ, ಕೊನೆಗೆ ಸಿಹಿ. ನನ್ನ ಸ್ವಂತ ಅಜ್ಜಿ ಮೂವತ್ತು ವರ್ಷ ಗುಡ್ಡದ ಮೇಲೆ ಚಹಾ ಎಲೆ ಕಿತ್ತವಳು, ಆದರೆ ಇಂಥ ಚಹಾ ಅವಳೂ ಕುಡಿದಿರಲಿಕ್ಕಿಲ್ಲ.

ಖಾಲಿ ಮಾಡಿದೆ. ಓಮಾ ಮತ್ತೆ ತುಂಬಿಸಿದರು. ಮತ್ತೆ ಖಾಲಿ ಮಾಡಿದೆ. ಮತ್ತೆ ತುಂಬಿಸಿದರು. ನಮ್ಮ ಕಡೆ ಹಿರಿಯರು ಹಾಕಿದ್ದನ್ನು ಬೇಡ ಎಂದರೆ ಅವರ ಮುಖಕ್ಕೆ ಹೊಡೆದ ಹಾಗೆ. ಆರನೆಯ ಕಪ್ಪಿಗೆ ಬೆವರು ಬಂತು. ಒಂಬತ್ತನೆಯದಕ್ಕೆ ಕಣ್ಣು ಮಂಜಾಯಿತು. ಓಮಾ ಮುಖದಲ್ಲಿ ಒಂದು ಗೆರೆ ಅಲುಗದೆ ಕೆಟಲ್ಲಿಗೆ ಕೈ ಹಾಕಿದರು. ಆಗ ಓಕ್ಕಾ ಮೇಜಿನ ಮೇಲೆ ಬಾಗಿ, ನನ್ನ ಚಮಚ ಎತ್ತಿ, ಟಣ್ ಎಂದು ನನ್ನ ಕಪ್ಪಿನೊಳಗೆ ಹಾಕಿದಳು.

"ಸಾಕು ಅಂದ್ರೆ ಚಮಚ ಒಳಗಿಡ್ಬೇಕು. ಅಷ್ಟೂ ಗೊತ್ತಿಲ್ವಾ? ಇಡ್ಲಿಲ್ಲ ಅಂದ್ರೆ ಓಮಾ ಸಾಯೋವರೆಗೂ ಹಾಕ್ತಾಳೆ."

"ಓಮಾ ಅಲ್ಲ, ಈ ಹುಡುಗಿ ಸಾಯೋವರೆಗೂ!" ಎಂದು ಹಾರ್ಮ್ ಕಣ್ಣಲ್ಲಿ ನೀರು ಬರುವಂತೆ ನಕ್ಕರು.

"ನಾನೂ ನೋಡ್ತಾನೇ ಇದ್ದೆ," ಎಂದರು ಓಮಾ, "ಇದಕ್ಕೆ ಹೊಟ್ಟೆ ಎಲ್ಲಿಂದ ಶುರು ಎಲ್ಲಿ ಮುಗಿಯುತ್ತೆ ಅಂತ."

ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಮನೆಗೆ ಬರುವಾಗ ಓಕ್ಕಾ ತಾನಾಗಿ ನನ್ನ ಕೈ ಹಿಡಿದಳು, ಸಿಗ್ನಲ್ಲಿನವರೆಗೆ ಮಾತ್ರ.

ಸೆಪ್ಟೆಂಬರ್ 15, ಶುಕ್ರವಾರ

ಹಾರ್ಮ್ ಹಡಗಿಗೆ ಹೋದರು. ವಾಪಸು ನವೆಂಬರ್ ಹನ್ನೊಂದಕ್ಕೆ. ಓಕ್ಕಾ ಅಳಲಿಲ್ಲ. ಗಂಡನ ಬ್ಯಾಗು ಕಾರಿಗೆ ಹಾಕಿದ ಮೇಲೆ ವೀಬ್ಕೆಯವರು ಗ್ಯಾರೇಜು ಗುಡಿಸಿದರು, ಅದು ಗುಡಿಸಿಯೇ ಇತ್ತು.

ನಾನು ದಿನಾ ಹಿಂದೆ ಹೋಗುತ್ತಿದ್ದೇನೆ. ಚಕ್ರಕ್ಕೆ ಅಡುಗೆ ಎಣ್ಣೆ ಬಿಟ್ಟೆ. ಈಗ ಸದ್ದಿಲ್ಲ. ಅಮ್ಮನ ಕರೆ ಇವತ್ತು ಹನ್ನೊಂದು, ಎಲ್ಲವನ್ನೂ ಎತ್ತಿದೆ.

ಸೆಪ್ಟೆಂಬರ್ 20, ಬುಧವಾರ

ಕೆಟ್ಟೆ.

ಸೇತುವೆಯ ಮೇಲೆ ಓಕ್ಕಾ ನಿಂತಳು. ಕೆಳಗೆ ಬಾತುಕೋಳಿ ಇತ್ತೋ ಏನೋ, ಕಂಬಿಯ ಅಡ್ಡಪಟ್ಟಿಯ ಮೇಲೆ ಕಾಲಿಟ್ಟು ಬಾಗಿದಳು. ಚೀಲ ಅವಳ ತಲೆಗಿಂತ ಮುಂದಕ್ಕೆ ಜಾರಿತು. ನಮ್ಮ ಭಾಷೆಯಲ್ಲೇ ಕಿರುಚಿಕೊಂಡು, ಗಾಡಿ ತಳ್ಳಿಕೊಂಡು ಓಡಿದೆ. ಚೀಲ ಹಿಡಿದು ಹಿಂದಕ್ಕೆ ಎಳೆದೆ. ಇಬ್ಬರೂ ಬಿದ್ದೆವು. ನಾನು ಅವಳನ್ನು ಅಪ್ಪಿಕೊಂಡು ಅಳುತ್ತಿದ್ದೇನೆ, ಮುತ್ತಿಡುತ್ತಿದ್ದೇನೆ, ತಲೆ ಎತ್ತಿ ನೋಡಿದರೆ ಸುತ್ತ ಅವಳ ತರಗತಿಯ ನಾಲ್ಕು ಮಕ್ಕಳು.

"ಓಕ್ಕಾಗೆ ಆಯಾ ಬೇಕಂತೆ!" ಎಂದ ಒಬ್ಬ.

"ತಳ್ಳುಗಾಡೀಲಿ ಜಾಗ ಇದೆ, ಹತ್ಕೋ ಪಾಪು!" ಎಂದಳು ಇನ್ನೊಬ್ಬಳು.

ಓಕ್ಕಾ ಎದ್ದಳು. ಮಂಡಿಯ ಮಣ್ಣು ಒರೆಸಿಕೊಂಡಳು. ನನ್ನನ್ನು ಒಂದು ಸಲ ನೋಡಿ, ಗಾಡಿಯನ್ನು ನೋಡಿ, ಚಕ್ರವನ್ನು ನೋಡಿದಳು. ದಿನಾ ಹಿಂದೆ ಬರುತ್ತಿದ್ದೆನೆಂದು ಅವಳಿಗೆ ಗೊತ್ತಾಯಿತು. ಚೀಲ ಸರಿಮಾಡಿಕೊಂಡು ನಡೆದು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 21, ಗುರುವಾರ

ನಿನ್ನೆ ಸಂಜೆ ವೀಬ್ಕೆಯವರು ಫೋನನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿಸಿದರು. ಶಾಲೆಯ ಅಪ್ಪ ಅಮ್ಮಂದಿರ ಗುಂಪು. ಒಂದು ವಾರದಿಂದ ಅಲ್ಲಿ ಚರ್ಚೆ ನಡೆಯುತ್ತಿತ್ತಂತೆ: ಹಸಿರು ಕೋಟಿನ ಯಾವಳೋ ಹೆಂಗಸು ಬೇಲಿ ಮರೆಯಲ್ಲಿ ನಿಂತು ಮಕ್ಕಳನ್ನು ನೋಡುತ್ತಾಳೆ, ಜೊತೆಗೆ ಒಂದು ಮಗುವಿದೆ, ಯಾರಿಗಾದರೂ ಗೊತ್ತೇ? ಅದರ ಕೆಳಗೆ ವೀಬ್ಕೆಯವರದೇ ಉತ್ತರ: "ನನಗೆ ಗೊತ್ತಿಲ್ಲ. ಎಲ್ಲರೂ ಹುಷಾರಾಗಿರೋಣ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು, ಊರೆಲ್ಲ ನೋಡಿತು. ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು.

"ನೀವು ಒಬ್ಬಳನ್ನೇ ಕಳಿಸ್ತೀರಲ್ಲ, ನಂಗೆ ಭಯ ಆಯ್ತು," ಎಂದೆ.

"ಭಯ ಆದ್ರೆ ನನ್ನ ಹತ್ರ ಹೇಳ್ಬೇಕಿತ್ತು. ನೀನು ಹೇಳ್ಲಿಲ್ಲ. ಇವಳಿಗೆ ಮಗಳ ಮೇಲೆ ಕಾಳಜಿ ಇಲ್ಲ ಅಂತ ನೀನೇ ತೀರ್ಮಾನ ಮಾಡ್ಬಿಟ್ಟೆ. ಅಲ್ವಾ?"

ಹೌದೆಂದು ತಲೆಯಾಡಿಸಿದೆ.

"ಅವಳು ಈ ದಾರಿಗೋಸ್ಕರ ಒಂದು ಬೇಸಿಗೆ ಪೂರ್ತಿ ಅಭ್ಯಾಸ ಮಾಡಿದ್ಲು, ತೆಕ್ಲೆ. ಅದು ಅವಳದ್ದು. ನೀನು ಕಿತ್ಕೊಂಡೆ."

ದನಿ ಏರಿಸಲಿಲ್ಲ. ನಮ್ಮ ಮನೆಯಲ್ಲಾದರೆ ಇಷ್ಟು ಹೊತ್ತಿಗೆ ಎರಡು ತಟ್ಟೆ ಒಡೆದು, ಎಲ್ಲರೂ ಅತ್ತು, ಊಟ ಬಡಿಸಿ ಆಗಿರುತ್ತಿತ್ತು. ಇಲ್ಲಿ ಎಲ್ಲವೂ ತಣ್ಣಗೆ, ಬ್ರೆಡ್ಡಿನ ಹಾಗೆ. ಹಾರ್ಮ್ ಬಂದ ಮೇಲೆ ಕೂತು ನಿರ್ಧಾರ ಮಾಡುತ್ತಾರಂತೆ. ಓಕ್ಕಾಗೆ ನಾನು ಬೇಡವಾದರೆ ನನ್ನನ್ನು ಕಳಿಸಿದ ಏಜೆನ್ಸಿಗೆ ತಿಳಿಸುತ್ತಾರೆ. ಅಂದರೆ ಊರು.

ಅಮ್ಮನಿಗೆ ಹೇಳಲಿಲ್ಲ. "ಇವತ್ತೂ ಹುಡುಗೀನ ಸ್ಕೂಲಿಗೆ ಬಿಟ್ಟು ಬಂದ್ಯಾ?" ಎಂದು ಕೇಳಿದಳು. "ಹೂಂ" ಎಂದೆ.

ಸೆಪ್ಟೆಂಬರ್ 22, ಶುಕ್ರವಾರ

ಓಕ್ಕಾ ನನ್ನೊಡನೆ ಮಾತಾಡುವುದು ತಮ್ಮನ ಮೂಲಕ. "ಎನ್ನೊ, ಅವಳಿಗೆ ಹೇಳು, ನಂಗೆ ಹಾಲು ಬೇಡ." ಎನ್ನೊ "ಹಾಲು!" ಎಂದು ಅವಳ ಲೋಟವನ್ನೂ ತಾನೇ ಕುಡಿಯುತ್ತಾನೆ.

ಸೆಪ್ಟೆಂಬರ್ 28, ಗುರುವಾರ

ಏಳು ಇಪ್ಪತ್ತೈದರಿಂದ ಐವತ್ತರವರೆಗೆ ನನ್ನ ಕೈಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಸೋಮವಾರ ಒಲೆ ಉಜ್ಜಿದೆ. ಮಂಗಳವಾರ ಒಲೆಯ ಹಿಂದಿನ ಗೋಡೆ. ನಿನ್ನೆ ಚಮಚಗಳನ್ನು ಉದ್ದದ ಪ್ರಕಾರ ಜೋಡಿಸಿದೆ. ಇವತ್ತು ಮತ್ತೆ ಒಲೆ. ಗಡಿಯಾರ ನೋಡುತ್ತೇನೆ: ಈಗ ಸಿಗ್ನಲ್ಲು. ಈಗ ಸೇತುವೆ. ಈಗ ಬಾತುಕೋಳಿ. ಗಂಟೆ ಬಾರಿಸುವವರೆಗೆ ಕಾಲು ನಿಂತಲ್ಲಿ ನಿಲ್ಲುವುದಿಲ್ಲ.

ಮಳೆ. ಅಮ್ಮನ ಒಂಬತ್ತು ಕರೆ, ಆರನ್ನು ಎತ್ತಿದೆ.

ಅಕ್ಟೋಬರ್ 5, ಗುರುವಾರ

ಒಂದು ವಿಷಯ ಬರೆದಿಡಬೇಕು.

ಬೆಳಿಗ್ಗೆ ಉಜ್ಜಲು ಏನೂ ಉಳಿದಿರಲಿಲ್ಲ. ವೀಬ್ಕೆಯವರು ಎಂದಿನ ಹಾಗೆ ಕಿಟಕಿಯ ಹತ್ತಿರ ಕಪ್ಪು ಹಿಡಿದು ನಿಂತಿದ್ದರು. ಇನ್ನೊಂದಿಷ್ಟು ಹಾಕಲೇ ಎಂದು ಕೇಳಲು ಕೆಟಲ್ ಹಿಡಿದು ಹೋದೆ. ಕಪ್ಪು ತುಂಬಿತ್ತು. ಒಂದು ಗುಟುಕೂ ಇಳಿದಿರಲಿಲ್ಲ. ಮೇಲೆ ಕೆನೆ ತೆಳ್ಳಗೆ ಹೆಪ್ಪುಗಟ್ಟಿತ್ತು. ಅವರು ನನ್ನನ್ನು ನೋಡಲೇ ಇಲ್ಲ. ಕಿಟಕಿಯಿಂದ ಬೀದಿಯ ತಿರುವಿನವರೆಗೆ ಮಾತ್ರ ಕಾಣುತ್ತದೆ, ಅಲ್ಲಿಂದಾಚೆ ಏನೂ ಇಲ್ಲ. ಆ ಏನೂ ಇಲ್ಲದ್ದನ್ನೇ ನೋಡುತ್ತಿದ್ದರು. ತುಟಿ ಮಾತ್ರ ಅಲುಗುತ್ತಿತ್ತು. ಕಿವಿಗೊಟ್ಟೆ. "ಸಿಗ್ನಲ್ಲು," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಸೇತುವೆ."

ಗಂಟೆ ಬಾರಿಸಿತು. ಕಣ್ಣು ಮುಚ್ಚಿ, ಕಷಾಯ ನುಂಗುವವರ ಹಾಗೆ, ಆ ತಣ್ಣನೆ ಚಹಾವನ್ನು ಒಂದೇ ಗುಟುಕಿಗೆ ಇಳಿಸಿದರು. ಈ ಊರಿನಲ್ಲಿ ತಣ್ಣನೆ ಚಹಾ ಕುಡಿಯುವುದು ಪಾಪವಿದ್ದ ಹಾಗೆ. ಓಮಾ ನೋಡಿದ್ದರೆ ಮಗಳಲ್ಲ ಎನ್ನುತ್ತಿದ್ದರು.

ಒಂದು ತಿಂಗಳಿಂದ ದಿನಾ ನೋಡಿದ್ದೇನೆ, ಏನೂ ಕಂಡಿರಲಿಲ್ಲ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಅಕ್ಟೋಬರ್ 6, ಶುಕ್ರವಾರ

ಏಳು ನಲವತ್ತೈದಕ್ಕೆ ಹೊಸದಾಗಿ ನೀರು ಕಾಯಿಸಿದೆ. ಗಂಟೆ ಬಾರಿಸಿದ ತಕ್ಷಣ ವೀಬ್ಕೆಯ ಕೈಯಿಂದ ಹಳೆಯ ಕಪ್ಪು ತೆಗೆದುಕೊಂಡು ಬಿಸಿಯದನ್ನು ಇಟ್ಟೆ. ಸಕ್ಕರೆ ಚಿಟಚಿಟ ಅಂತು. ವೀಬ್ಕೆ ಕಪ್ಪನ್ನು ನೋಡಿದಳು, ನನ್ನನ್ನು ನೋಡಿದಳು.

"ಯಾವಾಗ ಗೊತ್ತಾಯ್ತು?"

"ನಿನ್ನೆ."

"ಹಾರ್ಮ್‌ಗೆ ಗೊತ್ತಿಲ್ಲ," ಎಂದಳು. ಕೂತು ನಿಧಾನವಾಗಿ ಕುಡಿದಳು. ಕೆಲಸಕ್ಕೆ ಐದು ನಿಮಿಷ ತಡವಾಗಿ ಹೋದಳು.

ಅಕ್ಟೋಬರ್ 24, ಮಂಗಳವಾರ

ಶಾಲೆಗೆ ರಜೆ. ಓಕ್ಕಾ ಇಡೀ ದಿನ ಮನೆಯಲ್ಲೇ ಇದ್ದು ಮಾತಾಡದೇ ಇರುವುದು ಶಾಲೆಯಲ್ಲಿದ್ದು ಮಾತಾಡದೇ ಇರುವುದಕ್ಕಿಂತ ಕಷ್ಟ. ಎನ್ನೊಗೆ ಮಾತ್ರ ಹೊಸ ಹೊಸ ಪದ ಬರುತ್ತಿವೆ.

ಅಮ್ಮ ಇವತ್ತು ಬಾಂಬು ಹಾಕಿದಳು.

"ಡಾರ್ಟ್‌ಮುಂಡ್‌ಗೆ ವಿಮಾನದ ಟಿಕೆಟ್ ನೋಡಿದೀನಿ, ಅಲ್ಲಿಂದ ನಿಮ್ಮೂರಿಗೆ ರೈಲಿದೆಯಂತೆ. ಬರೋ ತಿಂಗಳು ಹದಿನೈದನೇ ತಾರೀಕು ಬರ್ತೀನಿ."

"ಇಲ್ಲಿ ಜಾಗ ಇಲ್ಲಮ್ಮ."

"ನಿಮ್ಮನೇಗ್ಯಾಕೆ? ಪಕ್ಕದ ಬೀದೀಲಿ ಒಂದು ರೂಮು ಹಿಡ್ಕೋತೀನಿ. ನಿಂಗೆ ನಾನು ಇದೀನಿ ಅಂತಾನೂ ಗೊತ್ತಾಗಲ್ಲ. ದೂರದಿಂದ ನೋಡ್ಕೋತಿರ್ತೀನಿ ಅಷ್ಟೆ."

ಲೇರ್‌ನ ಬೇಲಿಯ ಮರೆಯಲ್ಲಿ ಕಪ್ಪು ಶಾಲು ಹೊದ್ದ ನನ್ನ ಅಮ್ಮ ಕಣ್ಣಿಗೆ ಕಟ್ಟಿದಳು. ಗುಂಪಿನಲ್ಲಿ ಯಾರೋ ಬರೆಯುತ್ತಾರೆ: ಯಾರಿಗಾದರೂ ಗೊತ್ತೇ? ನಾನು ಉತ್ತರ ಬರೆಯುತ್ತೇನೆ: ನನಗೆ ಗೊತ್ತಿಲ್ಲ.

ನಗು ಬಂತು. ಆಮೇಲೆ ಬಹಳ ಹೊತ್ತು ಅಳು ಬಂತು, ಯಾಕೆಂದು ತಿಳಿಯಲಿಲ್ಲ.

ನವೆಂಬರ್ 4, ಶನಿವಾರ

ಓಮಾ ಮೇವಿನ ಬೀಟ್‌ರೂಟು ತಂದರು, ಒಂದೊಂದೂ ಎನ್ನೊನ ತಲೆಯಷ್ಟು ದಪ್ಪ. ಹತ್ತನೇ ತಾರೀಕು ಮಾರ್ಟಿನಿ ಹಬ್ಬ. ಸಂಜೆ ಮಕ್ಕಳು ಮುಖವಾಡ ಹಾಕಿಕೊಂಡು, ದೀಪ ಹಿಡಿದು, ಮನೆಮನೆ ಬಾಗಿಲಲ್ಲಿ ಹಾಡಿ ಮಿಠಾಯಿ ಕೇಳುತ್ತಾರೆ. "ಈಗ ಎಲ್ಲಾ ಕಾಗದದ ದೀಪ, ಅಂಗಡೀದು," ಎಂದು ಓಮಾ ಮೂಗು ಮುರಿದರು. "ನಮ್ ಕಾಲದಲ್ಲಿ ಇದನ್ನೇ ಕೊರೀತಿದ್ವಿ. ನನ್ ಕೈ ನಡುಗುತ್ತೆ. ನಿಂಗೆ ಬರುತ್ತಾ?"

ನನಗೆ ಬರದೇ ಏನು? ವೈನ್ ಮೊಗೆಯುವ ಸೋರೆಬುರುಡೆಯನ್ನು ಅಜ್ಜ ಕೊರೆಯುವಾಗ ಪಕ್ಕದಲ್ಲೇ ಕೂತು ಬೆಳೆದವಳು. ಮೇಲ್ಗಡೆ ಮುಚ್ಚಳ ಕತ್ತರಿಸಿ ಒಳಗಿನದನ್ನು ತೆಗೆಯಲು ಶುರು ಮಾಡಿದೆ. ಓಕ್ಕಾ ಬಾಗಿಲಲ್ಲಿ ನಿಂತು ನೋಡಿದಳು. ಹತ್ತಿರ ಬಂದಳು. ಆರು ವಾರದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ನೇರವಾಗಿ ಮಾತಾಡಿದಳು.

"ನಾನು ಕೊರೀತೀನಿ."

ಚಾಕು ಚೂಪಾಗಿತ್ತು. ಬೀಟ್‌ರೂಟು ಗಟ್ಟಿಯಾಗಿತ್ತು. ಕೊಟ್ಟೆ. ಅವಳು ಕಣ್ಣು, ಮೂಗು ಕೊರೆಯತೊಡಗಿದಳು. ನಾನು ನನ್ನ ಎರಡೂ ಕೈಗಳ ಮೇಲೆ ಕೂತುಕೊಂಡೆ.

"ಯಾಕೆ ಕೈ ಮೇಲೆ ಕೂತಿದೀಯ?"

"ಚಳಿ."

"ಸುಳ್ಳಿ."

ಬಾಯಿ ಕೊರೆಯುವಾಗ ಚಾಕು ಜಾರಿತು. ಹೆಬ್ಬೆರಳಿನಲ್ಲಿ ರಕ್ತ. ಓಕ್ಕಾ ಬೆರಳನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು.

"ಕಿರುಚ್ತೀಯಾ?"

"ಇಲ್ಲ."

"ಒಳಗೊಳಗೇ ಕಿರುಚ್ತಿದೀಯಾ?"

"ಹೂಂ."

"ಒಳಗಾದ್ರೆ ಪರವಾಗಿಲ್ಲ," ಎಂದಳು. ತಾನೇ ನಲ್ಲಿಗೆ ಹಿಡಿದು ತೊಳೆದು, ಪಟ್ಟಿ ಮಾತ್ರ ನನ್ನ ಕೈಲಿ ಹಾಕಿಸಿಕೊಂಡಳು. ಬೀಟ್‌ರೂಟಿನ ಬಾಯಿ ಸೊಟ್ಟಗಾಗಿದೆ. ಈಗ ಅದು ಭಯ ಹುಟ್ಟಿಸುತ್ತದೆ ಎಂದು ಅವಳಿಗೆ ಬಹಳ ಸಂತೋಷ.

ನವೆಂಬರ್ 7, ಮಂಗಳವಾರ

ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಬೇಲಿ, ಸೇತುವೆ, ಗುಂಪು, ಹನ್ನೊಂದನೇ ತಾರೀಕಿನ ತೀರ್ಮಾನ. "ನಾನ್ ಹೇಳಿರ್ಲಿಲ್ವಾ" ಎಂದು ಶುರು ಮಾಡಿದಳು. ಮಧ್ಯೆ ಬಾಯಿ ಹಾಕಿದೆ.

"ಈಗ ಬರ್ಬೇಡಮ್ಮ. ವಸಂತದಲ್ಲಿ ಬಾ. ನೆಂಟಳಾಗಿ ಬಾ, ನಾನೇ ಸ್ಟೇಷನ್ನಿಗೆ ಬರ್ತೀನಿ. ಕಾವಲಿಗೆ ಬರ್ಬೇಡ."

ಫೋನು ಇಟ್ಟಳು. ನಾನು ಏನು ತಪ್ಪು ಮಾತಾಡಿದೆ? ಏನೂ ಇಲ್ಲ. ಆದರೂ ಒಲೆ ಉಜ್ಜಿದೆ.

ನವೆಂಬರ್ 9, ಗುರುವಾರ

ಇಡೀ ದಿನ ಅಮ್ಮನ ಒಂದು ಕರೆಯೂ ಇಲ್ಲ. ನಾನೇ ನಾಲ್ಕು ಸಲ ಫೋನು ತೆಗೆದು ನೋಡಿದೆ. ಸಂಜೆ ಒಂದು ಸಂದೇಶ: "ಏಪ್ರಿಲ್‌ನಲ್ಲಿ ಟಿಕೆಟ್ ಅಗ್ಗ ಇದೆಯಂತೆ. ಇವತ್ತು ನಾನು ಒಂದ್ಸಲಾನೂ ಕರೆ ಮಾಡ್ಲಿಲ್ಲ, ನೋಡಿದ್ಯಾ?"

ನೋಡಿದೆ ಎಂದು ಬರೆದೆ.

ನವೆಂಬರ್ 11, ಶನಿವಾರ, ಬೆಳಿಗ್ಗೆ

ಮಧ್ಯಾಹ್ನದ ರೈಲಿಗೆ ಹಾರ್ಮ್ ಬರುತ್ತಾರೆ. ಅಷ್ಟರೊಳಗೆ ನಿನ್ನೆಯದನ್ನು ಬರೆಯುತ್ತೇನೆ.

ಸಂಜೆ ಐದಕ್ಕೆಲ್ಲ ಕತ್ತ‌ಲು. ಓಕ್ಕಾ ತರಗತಿಯ ನಾಲ್ಕು ಮಕ್ಕಳ ಜೊತೆ ಹೊರಟಳು, ಸೇತುವೆಯ ಮೇಲೆ ನಕ್ಕಿದ್ದರಲ್ಲ, ಅವರೇ. ಗುಂಪಿಗೆ ದೊಡ್ಡವಳು ಅಂದರೆ ಒಬ್ಬನ ಅಕ್ಕ, ಹತ್ತು ವರ್ಷದವಳು. ವೀಬ್ಕೆ ಅಂಗಡಿಯಲ್ಲಿ, ಬರುವುದು ಆರಕ್ಕೆ. ಬಾಗಿಲಿಗೆ ಬರುವ ಮಕ್ಕಳಿಗೆ ಮಿಠಾಯಿ ಕೊಡುವ ಕೆಲಸ ನನ್ನದು. ಸೊಂಟದಲ್ಲಿ ಎನ್ನೊ, ಕೈಯಲ್ಲಿ ಬುಟ್ಟಿ. ಹೊರಡುವಾಗ ಅಮ್ಮ ನನ್ನ ಪೆಟ್ಟಿಗೆಗೆ ತುರುಕಿದ್ದ, ದ್ರಾಕ್ಷಿ ರಸದಲ್ಲಿ ಅದ್ದಿ ಒಣಗಿಸಿದ ವಾಲ್‌ನಟ್ ಸರಗಳನ್ನೂ ತುಂಡು ಮಾಡಿ ಅದರಲ್ಲಿ ಹಾಕಿದ್ದೆ.

ಎಂಟನೆಯದೋ ಒಂಬತ್ತನೆಯದೋ ಗುಂಪು ಗಂಟೆ ಒತ್ತಿತು. ತೆರೆದೆ. ಆರು ಕಾಗದದ ಮುಖವಾಡ. ಐದು ಅಂಗಡಿಯ ದೀಪ, ಒಂದು ಸೊಟ್ಟ ಬಾಯಿಯ ಬೀಟ್‌ರೂಟು. ಬೀಟ್‌ರೂಟು ಹಿಡಿದ ಹೆಬ್ಬೆರಳಿಗೆ ಪಟ್ಟಿ. ಹಾಡು ಶುರುವಾಯಿತು. ಮಧ್ಯದ ಮುಖವಾಡ ಎಲ್ಲರಿಗಿಂತ ಜೋರಾಗಿ, ಬೇಕೆಂದೇ ಗಡಸು ದನಿಯಲ್ಲಿ ಹಾಡುತ್ತಿತ್ತು.

ಅವಳ ಎಡಗಾಲಿನ ಶೂ ಲೇಸು ಬಿಚ್ಚಿಕೊಂಡಿತ್ತು. ಮೆಟ್ಟಿಲು ಒದ್ದೆ. ಮುಂದೆ ಸೇತುವೆ ಇದೆ. ಅಲ್ಲೇ ಮಂಡಿಯೂರಿ ಕಟ್ಟಲು ನನಗೆ ಹತ್ತು ಸೆಕೆಂಡು ಸಾಕಿತ್ತು. ಬುಟ್ಟಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಎನ್ನೊ ಬೆರಳು ತೋರಿಸಿ "ಓಕ್ಕಾ!" ಎಂದ. ಅವನ ಬಾಯಿಗೆ ಒಂದು ಮಿಠಾಯಿ ಇಟ್ಟೆ.

"ಅಬ್ಬಬ್ಬಾ, ಯಾವ ಊರಿನ ಭೂತಗಳಪ್ಪಾ ಇವು?" ಎಂದೆ. "ಈ ಸೊಟ್ಟ ಬಾಯೀದು ಯಾರ ಮನೇದು? ನಮ್ ಬೀದೀದಂತೂ ಅಲ್ಲ."

"ಹೇಳಲ್ಲ!" ಎಂದಿತು ಗಡಸು ದನಿ.

"ಬೇಡ ಬಿಡು. ಭೂತಗಳ ಹತ್ರ ನಂಗೇನು ಜಗಳ?" ಎಲ್ಲರ ಚೀಲಕ್ಕೂ ಸಮನಾಗಿ ಹಾಕಿದೆ. ಓಡಿದವು. ಬೀಟ್‌ರೂಟಿನ ದೀಪ ಬೀದಿಯ ತಿರುವಿನವರೆಗೆ ಕುಣಿಯುತ್ತ ಹೋಯಿತು. ಆಮೇಲೆ ಕಾಣಲಿಲ್ಲ.

ಎನ್ನೊನನ್ನು ಆಟಕ್ಕೆ ಕೂರಿಸಿ, ಚಹಾ ಮಾಡಿಕೊಂಡು ಅಡುಗೆಮನೆಯ ಕಿಟಕಿಗೆ ಬಂದೆ. ಎಷ್ಟು ಹೊತ್ತು ನಿಂತಿದ್ದೆನೋ. ಹಿಂದೆ ಬಾಗಿಲು ತೆರೆದ ಸದ್ದು ಕೇಳಲಿಲ್ಲ. ವೀಬ್ಕೆ ಪಕ್ಕಕ್ಕೆ ಬಂದು ನಿಂತಿದ್ದಳು, ಕೋಟು ಕೂಡ ತೆಗೆದಿರಲಿಲ್ಲ. ನನ್ನ ಕಪ್ಪಿಗೆ ಬೆರಳ ಬೆನ್ನು ಮುಟ್ಟಿಸಿ ನೋಡಿದಳು.

ಕಪ್ಪನ್ನು ನನ್ನ ಕೈಯಿಂದ ತೆಗೆದುಕೊಂಡು ಸಿಂಕಿಗೆ ಸುರಿದಳು. ನೀರು ಕಾಯಿಸಿದಳು. ಎರಡು ಕಪ್ಪಿಗೂ ಸಕ್ಕರೆ ಹಾಕಿದಳು.

"ಹಾರ್ಮ್ ನಾಳೆ ಬರ್ತಾನೆ," ಎಂದಳು. "ಕೂತು ಮಾತಾಡ್ಬೇಕು ಅಂತ ನಾನೇ ಅಂದಿದ್ನಲ್ಲ."

"ಹೂಂ."

"ಮಾತಾಡೋಕೆ ಏನೂ ಇಲ್ಲ ಅಂತ ಅವನಿಗೆ ಹೇಳ್ಬಿಡ್ತೀನಿ."

ಕಣ್ಣು ತುಂಬಿ ಬಂತು. ಅಪ್ಪಿಕೊಳ್ಳೋಣ ಎನಿಸಿತು, ಆದರೆ ಅವಳು ಕೆನೆ ಬಿಡುತ್ತಿದ್ದಳು. "ಕೋಟು ತೆಗಿ ವೀಬ್ಕೆ, ಕೂತ್ಕೋ," ಎಂದೆ. ಇಬ್ಬರೂ ಕೂರಲಿಲ್ಲ. ಕಿಟಕಿಯ ಹತ್ತಿರವೇ ನಿಂತೆವು. ಹೊಸ ಚಹಾವೂ ಆರುತ್ತಿತ್ತು.

"ಸಿಗ್ನಲ್ಲು," ಎಂದಳು ಸ್ವಲ್ಪ ಹೊತ್ತಿನ ಮೇಲೆ.

"ಇಲ್ಲ, ಇನ್ನೂ ಸೇತುವೆ," ಎಂದೆ.

ತಿರುವಿನಲ್ಲಿ ಸೊಟ್ಟ ಬಾಯಿ ಹೊಳೆಯಿತು. ಇಬ್ಬರೂ ಗಟಗಟ ಕುಡಿದು, ಚಮಚಗಳನ್ನು ಕಪ್ಪಿನೊಳಗಿಟ್ಟು, ಬೇರೇನೋ ಕೆಲಸದಲ್ಲಿದ್ದವರ ಹಾಗೆ ಮೇಜು ಒರೆಸತೊಡಗಿದೆವು.

ಓಕ್ಕಾ ಒಳಗೆ ನುಗ್ಗಿ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಮುಖ ಕೆಂಪಾಗಿತ್ತು.

"ಅಮ್ಮಾ! ನಾವು ನಮ್ಮನೇಗೂ ಬಂದಿದ್ವಿ! ಬಾಗಿಲು ತೆಗೆದೋಳು ನನ್ ಗುರುತೇ ಹಿಡೀಲಿಲ್ಲ! ಬೇಕಾದ್ರೆ ಎಲ್ಲರನ್ನೂ ಕೇಳು!"

"ಹೌದಾ?" ಎಂದೆ ನಾನು. "ಯಾರವಳು, ಅಷ್ಟು ಪೆದ್ದಿ?"

ಓಕ್ಕಾ ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ರಾಶಿಯಿಂದ ಒಂದು ವಾಲ್‌ನಟ್ ತುಂಡು ಆರಿಸಿ ನನ್ನ ಕಡೆ ತಳ್ಳಿ, ಕೈ ತೊಳೆಯಲು ಓಡಿದಳು. ಲೇಸು ಇನ್ನೂ ಹಾಗೇ ಬಿಚ್ಚಿಕೊಂಡಿತ್ತು.